ಕಣ್ಣು ಬಿಡದ ಬೆಕ್ಕಿನ ಮರಿಗೆ ಬಾಟಲಿ ಹಾಲು: ತಾತ್ಕಾಲಿಕ ಆರೈಕೆಯ ಹಂತಗಳು

ತಾಯಿಯಿಂದ ಬೇರ್ಪಟ್ಟ ಪುಟ್ಟ ಬೆಕ್ಕಿನ ಮರಿಯನ್ನು ಮನೆಗೆ ತಂದವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: "ಇದಕ್ಕೆ ಏನು ಕುಡಿಸಬೇಕು?" ಪ್ರಶ್ನೆ ಸಹಜವಾದುದೇ, ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು "ಮರಿಯ ಮೈ ಬೆಚ್ಚಗಿದೆಯೇ?" ಎಂಬುದು. ಎಳೆಯ ಮರಿಯನ್ನು ಹಸಿವಿಗಿಂತ ಬೇಗ ಕುಗ್ಗಿಸುವುದು ಚಳಿ, ಮತ್ತು ಮೈ ತಣ್ಣಗಾದ ಮರಿಗೆ ಅವಸರದಿಂದ ಕುಡಿಸಿದ ಹಾಲು ಅದರ ಪ್ರಾಣಕ್ಕೇ ಎರವಾಗಬಹುದು. ಅಕ್ಕರೆಯಿಂದ ಮಾಡಿದ ಕೆಲಸವೇ ಹೀಗೆ ಹಾನಿಯಾಗಬಾರದೆಂಬ ಕಾಳಜಿಯಿಂದ, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ. ಈ ಲೇಖನ ಹುಟ್ಟಿದಂದಿನಿಂದ ಸುಮಾರು ನಾಲ್ಕೈದು ವಾರದೊಳಗಿನ ಮರಿಯನ್ನು, ಅದಕ್ಕೊಂದು ಶಾಶ್ವತ ಮನೆ ಸಿಗುವವರೆಗೆ ನೋಡಿಕೊಳ್ಳುವವರಿಗಾಗಿ. ಮರಿ ಕೈಗೆ ಬಂದ ದಿನವೇ ಪಶುವೈದ್ಯರೊಬ್ಬರನ್ನು ಸಂಪರ್ಕಿಸಿ. ಇಲ್ಲಿರುವುದೆಲ್ಲ ಅವರ ಸಲಹೆಯ ಜೊತೆಗೆ ಬಳಸಬೇಕಾದದ್ದು.

1. ತಾಯಿ ನಿಜವಾಗಿಯೂ ಇಲ್ಲವೇ ಎಂದು ನೋಡಿ

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ತಾಯಿಬೆಕ್ಕು ಆಹಾರ ಹುಡುಕಿಕೊಂಡು ಗಂಟೆಗಟ್ಟಲೆ ಹೊರಗೆ ಹೋಗಿರಬಹುದು, ಇಲ್ಲವೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೊಸ ಜಾಗಕ್ಕೆ ಸಾಗಿಸುತ್ತಿರಬಹುದು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮರಿ ಬೆಚ್ಚಗಿದ್ದು, ಹೊಟ್ಟೆ ತುಂಬಿಕೊಂಡು, ಸದ್ದಿಲ್ಲದೆ ಮಲಗಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಗಮನಿಸಿ. ನೀವು ಹತ್ತಿರ ಸುಳಿದಾಡುತ್ತಿರುವಷ್ಟು ಹೊತ್ತು ತಾಯಿ ಬರಲು ಹಿಂಜರಿಯುತ್ತದೆ ಎಂಬುದು ನೆನಪಿರಲಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ತ್ಯಜಿಸುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿ ನಿಜವಲ್ಲ. ಆದ್ದರಿಂದ ಮರಿಯನ್ನು ಎತ್ತಿ ನೋಡಿದ ಮೇಲೂ ಅದನ್ನು ಅದೇ ಜಾಗದಲ್ಲಿ ಬಿಟ್ಟು ಕಾಯಬಹುದು.

ಆದರೆ ಮರಿಯ ಮೈ ತಣ್ಣಗಿದ್ದರೆ, ಒದ್ದೆಯಾಗಿದ್ದರೆ, ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ, ಎಡೆಬಿಡದೆ ಅಳುತ್ತಿದ್ದರೆ ಅಥವಾ ವಾಹನ, ನಾಯಿಗಳ ಅಪಾಯವಿದ್ದರೆ ಕಾಯುವ ಮಾತೇ ಇಲ್ಲ. ತಕ್ಷಣ ಎತ್ತಿಕೊಳ್ಳಿ. ಸುತ್ತಮುತ್ತ ಒಡಹುಟ್ಟಿದ ಮರಿಗಳು ಬಿದ್ದಿವೆಯೇ ಎಂದೂ ಹುಡುಕಿ.

2. ವಯಸ್ಸನ್ನು ಅಂದಾಜು ಮಾಡಿ

ಕುಡಿಸುವ ಪ್ರಮಾಣ, ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು, ಎಷ್ಟು ಶಾಖ ಬೇಕು ಎಂಬುದೆಲ್ಲ ವಯಸ್ಸನ್ನು ಅವಲಂಬಿಸಿರುವುದರಿಂದ ಈ ಅಂದಾಜು ಅಗತ್ಯ. ಹೊಕ್ಕುಳಬಳ್ಳಿಯ ಒಣಗಿದ ತುಂಡು ಇನ್ನೂ ಅಂಟಿಕೊಂಡಿದ್ದರೆ ಮರಿ ಹುಟ್ಟಿ ಹೆಚ್ಚೆಂದರೆ ಐದು ದಿನವಾಗಿರುತ್ತದೆ. ಕಣ್ಣು ಮುಚ್ಚಿ, ಕಿವಿ ತಲೆಗೆ ಅಂಟಿದಂತೆ ಮಡಚಿಕೊಂಡಿದ್ದರೆ ಮೊದಲ ವಾರ. ಕಣ್ಣುಗಳು ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ನಿಧಾನವಾಗಿ ತೆರೆಯುತ್ತವೆ. ಮುಚ್ಚಿದ ರೆಪ್ಪೆಯನ್ನು ಬೆರಳಿನಿಂದ ಬಿಡಿಸಲು ಎಂದಿಗೂ ಯತ್ನಿಸಬೇಡಿ. ಮೂರನೇ ವಾರದ ಹೊತ್ತಿಗೆ ಕಿವಿ ನೆಟ್ಟಗಾಗಿ, ಮುಂಭಾಗದ ಸಣ್ಣ ಹಲ್ಲುಗಳು ಮೂಡಿ, ಮರಿ ತೂರಾಡುತ್ತ ನಡೆಯತೊಡಗುತ್ತದೆ. ಕೋರೆಹಲ್ಲು ಕಾಣಿಸಿದರೆ ಮೂರರಿಂದ ನಾಲ್ಕು ವಾರ. ಕಣ್ಣಿನ ಬಣ್ಣದಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಈ ವಯಸ್ಸಿನಲ್ಲಿ ಎಲ್ಲ ಮರಿಗಳ ಕಣ್ಣೂ ನೀಲಿಯಾಗಿಯೇ ಇರುತ್ತವೆ.

ತೂಕವೂ ಸುಳಿವು ನೀಡುತ್ತದೆ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ಒಂದು ವಾರಕ್ಕೆ ಸುಮಾರು 150, ಎರಡು ವಾರಕ್ಕೆ 250, ಮೂರು ವಾರಕ್ಕೆ 350, ನಾಲ್ಕು ವಾರಕ್ಕೆ 450 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹಸಿದು ಬಡಕಲಾದ ಮರಿಯ ತೂಕ ಇದಕ್ಕಿಂತ ಕಡಿಮೆ ಇರುವುದರಿಂದ ಹಲ್ಲು, ಕಣ್ಣು, ಕಿವಿಗಳನ್ನೇ ಹೆಚ್ಚು ನಂಬಿ.

3. ಬೇಕಾದ ಸಾಮಗ್ರಿ

ಎತ್ತರದ ಅಂಚಿರುವ ಒಂದು ಪೆಟ್ಟಿಗೆ, ಹಲವು ಮೆತ್ತನೆಯ ಬಟ್ಟೆಗಳು, ಬಿಸಿನೀರಿನ ಚೀಲ ಅಥವಾ ಬಿಸಿನೀರು ತುಂಬಿದ ಗಟ್ಟಿ ಬಾಟಲಿ, ಮರಿಗಳಿಗೆಂದೇ ಇರುವ ಸಣ್ಣ ಹಾಲಿನ ಬಾಟಲಿ ಮತ್ತು ನಿಪ್ಪಲ್, ಸೂಜಿಯಿಲ್ಲದ ಸಣ್ಣ ಸಿರಿಂಜ್, ಹತ್ತಿ, ಬೆಕ್ಕಿನ ಮರಿಗಳ ಹಾಲಿನ ಪುಡಿ, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ, ಮತ್ತು ಬರೆದಿಡಲು ಒಂದು ಪುಸ್ತಕ. ಇವುಗಳಲ್ಲಿ ತೂಕದ ಯಂತ್ರವನ್ನು ಅನಗತ್ಯವೆಂದು ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಕಾರಣವನ್ನು ಎಂಟನೇ ಹಂತದಲ್ಲಿ ಹೇಳಿದ್ದೇನೆ.

4. ಮೊದಲು ಮೈ ಬೆಚ್ಚಗಾಗಲಿ

ಹುಟ್ಟಿದ ಮೊದಲ ದಿನಗಳಲ್ಲಿ ಮರಿಗೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಮೈಶಾಖ ಮತ್ತು ಒಡಹುಟ್ಟಿದವುಗಳ ಒತ್ತಾಸರೆಯಿಂದಲೇ ಅದು ಬೆಚ್ಚಗಿರುತ್ತದೆ. ಮೊದಲ ವಾರದಲ್ಲಿ ಆರೋಗ್ಯವಂತ ಮರಿಯ ದೇಹದ ಉಷ್ಣತೆ ಸುಮಾರು 35ರಿಂದ 36.5 ಡಿಗ್ರಿ ಸೆಲ್ಸಿಯಸ್ ಇದ್ದು, ನಾಲ್ಕನೇ ವಾರದ ಹೊತ್ತಿಗೆ 37.5ರಿಂದ 38ರ ಆಸುಪಾಸಿಗೆ ಏರುತ್ತದೆ. ಇದಕ್ಕಿಂತ ಮೈ ತಣ್ಣಗಾದಾಗ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ, ನುಂಗುವ ಶಕ್ತಿ ಕುಂದಿರುವುದರಿಂದ ಶ್ವಾಸಕೋಶಕ್ಕೂ ಇಳಿಯುತ್ತದೆ. ಕಿವಿ, ಅಂಗಾಲು ಮತ್ತು ಬಾಯೊಳಗನ್ನು ಮುಟ್ಟಿ ನೋಡಿ. ಬಾಯೊಳಗೂ ತಣ್ಣಗಿದ್ದರೆ ಸ್ಥಿತಿ ಗಂಭೀರವೆಂದೇ ತಿಳಿಯಿರಿ.

ಒದ್ದೆಯಾಗಿದ್ದರೆ ಮೊದಲು ಒಣಬಟ್ಟೆಯಿಂದ ಪೂರ್ತಿ ಒರೆಸಿ. ಬಳಿಕ ಮರಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ನಿಮ್ಮ ಎದೆಗೆ ಒತ್ತಿ ಹಿಡಿದುಕೊಳ್ಳಿ, ಇಲ್ಲವೇ ಬಟ್ಟೆ ಸುತ್ತಿದ ಬಿಸಿನೀರಿನ ಚೀಲದ ಪಕ್ಕದಲ್ಲಿ ಮಲಗಿಸಿ. ಬೆಚ್ಚಗಾಗಿಸುವ ಕೆಲಸ ಒಂದರಿಂದ ಮೂರು ಗಂಟೆಯವರೆಗೆ ನಿಧಾನವಾಗಿ ನಡೆಯಬೇಕು. ಬಿಸಿನೀರಿನಲ್ಲಿ ಮುಳುಗಿಸುವುದು, ಹೀಟರ್‌ನ ಮುಂದೆ ಹಿಡಿಯುವುದು, ಬಟ್ಟೆ ಸುತ್ತದ ಬಿಸಿ ಬಾಟಲಿಗೆ ತಾಗಿಸುವುದು ಇವೆಲ್ಲ ಅಪಾಯಕಾರಿ. ತೆಳು ಚರ್ಮ ಬೇಗ ಸುಡುತ್ತದೆ, ಮತ್ತು ಮರಿಗೆ ದೂರ ಸರಿಯುವ ಶಕ್ತಿ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಶಾಖದ ಮೂಲವನ್ನು ಒಂದು ಬದಿಯಲ್ಲಿ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳಿಕೊಳ್ಳಲು ಜಾಗ ಬೇಕು. ಮೊದಲ ವಾರ ಮಲಗುವ ಜಾಗದ ಉಷ್ಣತೆ 29ರಿಂದ 32 ಡಿಗ್ರಿ ಇರಬೇಕು. ಮುಂದಿನ ವಾರಗಳಲ್ಲಿ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಬಿಸಿನೀರಿನ ಚೀಲ ಆರಿದ ಮೇಲೆ ಮರಿಯ ಶಾಖವನ್ನೇ ಹೀರತೊಡಗುತ್ತದೆ. ಆದ್ದರಿಂದ ಅದನ್ನು ರಾತ್ರಿಯೂ ಬದಲಿಸುತ್ತಿರಬೇಕು.

5. ಯಾವ ಹಾಲು, ಎಷ್ಟು ಹಾಲು

ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿಗೆ ಹೋಲಿಸಿದರೆ ಅದರಲ್ಲಿ ಪ್ರೋಟೀನ್ ಸುಮಾರು ಅರ್ಧದಷ್ಟು ಮಾತ್ರ ಇದ್ದು, ಬೆಕ್ಕುಗಳಿಗೆ ಅತ್ಯಗತ್ಯವಾದ ಟಾರಿನ್ ಎಂಬ ಪೋಷಕಾಂಶವೂ ಬಹಳ ಕಡಿಮೆ. ಅದು ಮರಿಗೆ ಭೇದಿ ತರಿಸುತ್ತದೆ, ಮತ್ತು ಇಷ್ಟು ಚಿಕ್ಕ ದೇಹ ಒಂದೇ ದಿನದ ಭೇದಿಯಿಂದಲೂ ನೀರಿನಂಶ ಕಳೆದುಕೊಂಡು ಕುಸಿಯಬಹುದು. ಮೇಕೆ ಹಾಲು, ಮಕ್ಕಳ ಹಾಲಿನ ಪುಡಿ, ಸಸ್ಯಜನ್ಯ ಹಾಲುಗಳೂ ಸೂಕ್ತವಲ್ಲ. ಬೇಕಾದದ್ದು ಕಿಟನ್ ಮಿಲ್ಕ್ ರಿಪ್ಲೇಸರ್, ಅಂದರೆ ತಾಯಿಬೆಕ್ಕಿನ ಹಾಲಿನ ಸತ್ವಕ್ಕೆ ಹೊಂದುವಂತೆ ತಯಾರಿಸಿದ ಪುಡಿ ಅಥವಾ ದ್ರವ. ಅದು ಕೈಗೆ ಸಿಗುವವರೆಗಿನ ಕೆಲವು ಗಂಟೆಗಳನ್ನು ಹೇಗೆ ದಾಟಿಸಬೇಕೆಂಬುದನ್ನು ಪಶುವೈದ್ಯರಿಗೆ ಫೋನ್ ಮಾಡಿ ಕೇಳಿ, ಮನೆಮದ್ದಿನ ಪಾಕಗಳನ್ನು ಪ್ರಯೋಗಿಸಬೇಡಿ. ಆ ಪ್ರದೇಶದಲ್ಲಿ ಹಾಲೂಡುವ ಬೆಕ್ಕೊಂದು ಇದ್ದು, ಅದು ಮರಿಯನ್ನು ಸೇರಿಸಿಕೊಂಡರೆ ಯಾವ ಪುಡಿಯೂ ಅದಕ್ಕೆ ಸಮನಾಗದು. ಆ ಸಾಧ್ಯತೆಯನ್ನೂ ವಿಚಾರಿಸಿ.

ಪುಡಿಯನ್ನು ಡಬ್ಬಿಯ ಮೇಲೆ ಮುದ್ರಿಸಿರುವ ಅಳತೆಯಂತೆಯೇ ಕಲಸಿ. ಬೇಗ ಬೆಳೆಯಲಿ ಎಂದು ಗಟ್ಟಿಯಾಗಿ ಕಲಸಿದರೆ ಹೊಟ್ಟೆ ಕೆಡುತ್ತದೆ, ತೆಳುವಾಗಿಸಿದರೆ ಹೊಟ್ಟೆ ತುಂಬಿಯೂ ಮರಿ ಸೊರಗುತ್ತದೆ. ಕಲಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಬಾಟಲಿಯಲ್ಲಿ ಮರಿ ಕುಡಿದು ಬಿಟ್ಟದ್ದನ್ನು ಚೆಲ್ಲಿಬಿಡಿ. ಕುಡಿಸುವ ಮುನ್ನ ಬಾಟಲಿಯನ್ನು ಬಿಸಿನೀರಿನ ಬಟ್ಟಲಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ. ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಅಲ್ಲಲ್ಲಿ ಸುಡುವಷ್ಟು ಬಿಸಿ ಉಳಿಯುತ್ತದೆ.

ಪ್ರಮಾಣಕ್ಕೆ ಒಂದು ಸರಳ ಲೆಕ್ಕವಿದೆ: ದೇಹದ ಪ್ರತಿ 30 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 8 ಮಿಲಿಲೀಟರ್. ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 4ರಿಂದ 5 ಮಿಲಿಲೀಟರ್ ಮಾತ್ರ. ಹೀಗಾಗಿ 150 ಗ್ರಾಂ ತೂಗುವ ಮರಿಗೆ ದಿನಕ್ಕೆ 40 ಮಿಲಿಲೀಟರ್ ಬೇಕು, ಒಂದು ಸಲಕ್ಕೆ 6ರಿಂದ 7 ಮಿಲಿಲೀಟರ್ ಮೀರುವಂತಿಲ್ಲ. ಅಂದರೆ ಕನಿಷ್ಠ ಆರೇಳು ಸಲ ಕುಡಿಸಬೇಕಾಗುತ್ತದೆ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೇ ವಾರ ಮೂರು ನಾಲ್ಕು ಗಂಟೆಗೊಮ್ಮೆ, ಮೂರನೇ ವಾರ ನಾಲ್ಕೈದು ಗಂಟೆಗೊಮ್ಮೆ, ನಾಲ್ಕನೇ ವಾರ ಐದಾರು ಗಂಟೆಗೊಮ್ಮೆ. ಮೊದಲ ಎರಡು ವಾರಗಳಲ್ಲಿ ರಾತ್ರಿಗೆ ವಿನಾಯಿತಿ ಇಲ್ಲ. ಈ ನಿದ್ದೆಗೇಡು ಸಾಧ್ಯವಿಲ್ಲದಿದ್ದರೆ ಮನೆಯವರೊಡನೆ ಪಾಳಿ ಹಂಚಿಕೊಳ್ಳಿ. ಅದೂ ಆಗದಿದ್ದರೆ ಅನುಭವವಿರುವ ಇನ್ನೊಬ್ಬರಿಗೆ ಮರಿಯನ್ನು ಒಪ್ಪಿಸುವುದೇ ಅದಕ್ಕೆ ಮಾಡುವ ಉಪಕಾರ.

6. ಕುಡಿಸುವ ವಿಧಾನ

ಇಡೀ ಆರೈಕೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ, ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲು ನಿಪ್ಪಲ್‌ನ ತೂತು ಪರೀಕ್ಷಿಸಿ. ಹೊಸ ನಿಪ್ಪಲ್‌ಗಳಿಗೆ ಹಲವೊಮ್ಮೆ ತೂತೇ ಇರುವುದಿಲ್ಲ. ಕಾಯಿಸಿದ ಸೂಜಿಯಿಂದ ಮಾಡಿಕೊಳ್ಳಬೇಕು. ಬಾಟಲಿಯನ್ನು ತಲೆಕೆಳಗಾಗಿ ಹಿಡಿದಾಗ ಹಾಲು ಒಂದೊಂದೇ ಹನಿಯಾಗಿ ನಿಧಾನವಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ಆ ನಿಪ್ಪಲ್ ಬಳಸಬೇಡಿ. ಹನಿಯೇ ಬೀಳದಿದ್ದರೆ ಮರಿ ಚೀಪಿ ಚೀಪಿ ದಣಿದು, ಹಸಿದೇ ಮಲಗುತ್ತದೆ.

ಮರಿಯನ್ನು ಬಟ್ಟೆಯ ಮೇಲೆ ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲೆತ್ತಿರುವಂತೆ ಇರಿಸಿ; ತಾಯಿಯ ಬಳಿ ಅದು ಕುಡಿಯುವ ಭಂಗಿ ಇದೇ. ಮಗುವಿನಂತೆ ಅಂಗಾತ ಮಲಗಿಸಿ ಎಂದಿಗೂ ಕುಡಿಸಬೇಡಿ. ಅಂಗಾತ ಇರುವಾಗ ಹಾಲು ಶ್ವಾಸನಾಳಕ್ಕೆ ಇಳಿದು ಆಸ್ಪಿರೇಷನ್ ನ್ಯುಮೋನಿಯಾ, ಅಂದರೆ ಶ್ವಾಸಕೋಶಕ್ಕೆ ದ್ರವ ಸೇರಿ ಉಂಟಾಗುವ ಸೋಂಕು, ತಗುಲುವ ಸಂಭವ ಬಹಳ ಹೆಚ್ಚು. ಬಾಟಲಿ ಮರಿಗಳು ಸಾಯುವ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು.

ಒಂದು ಹನಿ ಹಾಲನ್ನು ತುಟಿಗೆ ಸೋಕಿಸಿ, ನಿಪ್ಪಲ್ ಅನ್ನು ಬಾಯಿಯ ಬದಿಯಿಂದ ಮೆಲ್ಲಗೆ ಒಳಗಿಡಿ. ಮರಿ ತಾನಾಗಿ ಚೀಪಬೇಕು; ನೀವು ಬಾಟಲಿಯನ್ನು ಹಿಂಡಬಾರದು. ಸರಿಯಾಗಿ ಚೀಪುವಾಗ ನಾಲಿಗೆ ನಿಪ್ಪಲ್ ಸುತ್ತ ಮಡಚಿಕೊಳ್ಳುತ್ತದೆ, ಕಿವಿಗಳು ಲಯಬದ್ಧವಾಗಿ ಅಲುಗುತ್ತವೆ. ಗಾಳಿ ಒಳಹೋಗದಂತೆ ಬಾಟಲಿಯನ್ನು ಓರೆಯಾಗಿ ಹಿಡಿದಿರಿ. ಮೊದಲ ಸಲ ಹೊಸ ರಬ್ಬರಿನ ರುಚಿಗೆ ಮುಖ ತಿರುಗಿಸುವ ಮರಿಗಳು ಹಲವು. ಸಹನೆಯಿಂದ ಮತ್ತೆ ಮತ್ತೆ ಪ್ರಯತ್ನಿಸಿ. ಸಿರಿಂಜ್ ಬಳಸುವುದಾದರೆ ಮರಿ ನುಂಗಿದ ಮೇಲಷ್ಟೇ ಮುಂದಿನ ಹನಿ ಬಿಡಿ.

ಚೀಪುವ ಶಕ್ತಿ ಇದೆಯೇ ಎಂಬ ಅನುಮಾನವಿದ್ದರೆ ತೊಳೆದ ಕಿರುಬೆರಳ ತುದಿಯನ್ನು ಬಾಯಿಗಿಟ್ಟು ನೋಡಿ. ಮೈ ಬೆಚ್ಚಗಿದ್ದೂ ಮರಿ ಚೀಪದಿದ್ದರೆ ಬಲವಂತವಾಗಿ ಸುರಿಯದೆ ನೇರವಾಗಿ ವೈದ್ಯರ ಬಳಿಗೆ ಒಯ್ಯಿರಿ. ನಳಿಕೆಯ ಮೂಲಕ ಹೊಟ್ಟೆಗೇ ಹಾಲು ಇಳಿಸುವ ವಿಧಾನ ಅವರಿಗೆ ಗೊತ್ತಿರುತ್ತದೆ. ಕಲಿಸಿಕೊಡದ ಹೊರತು ಅದನ್ನು ಮನೆಯಲ್ಲಿ ಮಾಡಬೇಡಿ.

ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ, ತಲೆ ಕೆಳಮುಖವಾಗುವಂತೆ ಹಿಡಿದು ಒರೆಸಿ, ಉಸಿರಾಟ ಸಹಜವಾಗುವವರೆಗೆ ಕಾಯಿರಿ. ನಂತರದ ಒಂದೆರಡು ದಿನ ಕೆಮ್ಮು, ಉಸಿರಾಡುವಾಗ ಗೊರಗೊರ ಸದ್ದು ಅಥವಾ ಮಂಕುತನ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕುಡಿದು ಮುಗಿಸಿದ ಮರಿಯನ್ನು ಭುಜಕ್ಕೆ ಒರಗಿಸಿ ಬೆನ್ನು ಮೆಲ್ಲಗೆ ತಟ್ಟಿ ತೇಗು ಬರಿಸಿ. ಹೊಟ್ಟೆ ದುಂಡಗಿದ್ದರೆ ಸಾಕು, ಬಿಗಿಯಾಗುವವರೆಗೆ ಕುಡಿಸಬಾರದು. ಎರಡೂ ಕಡೆ ಅನುಮಾನವಿದ್ದಾಗ ಸ್ವಲ್ಪ ಕಡಿಮೆ ಕುಡಿಸಿ, ಬೇಗ ಮತ್ತೊಮ್ಮೆ ಕುಡಿಸುವುದು ಲೇಸು. ಮುಖಕ್ಕೆ, ಕತ್ತಿಗೆ ಮೆತ್ತಿದ ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

7. ಮಲಮೂತ್ರ ಮಾಡಿಸುವುದು

ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಪ್ರಚೋದಿಸಬೇಕು. ಇದನ್ನು ತಿಳಿಯದೆ ಹಾಲನ್ನಷ್ಟೇ ಕುಡಿಸುತ್ತ ಹೋದರೆ ಮರಿ ಉಳಿಯುವುದಿಲ್ಲ. ಪ್ರತಿ ಸಲ ಕುಡಿಸುವ ಮುನ್ನ ಅಥವಾ ನಂತರ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಬುಡದಲ್ಲಿರುವ ಗುದ ಮತ್ತು ಮೂತ್ರದ್ವಾರದ ಭಾಗವನ್ನು ಒಂದು ನಿಮಿಷದವರೆಗೆ ಹಗುರವಾಗಿ ಸವರಿ. ಮೂತ್ರ ಸಾಮಾನ್ಯವಾಗಿ ಪ್ರತಿ ಸಲವೂ ಬರುತ್ತದೆ, ಮಲ ದಿನಕ್ಕೊಮ್ಮೆಯಾದರೂ ಆಗಬೇಕು. ಮುಗಿದ ಮೇಲೆ ಚರ್ಮವನ್ನು ಒಣಗಿಸಿ, ಇಲ್ಲವಾದರೆ ಹುಣ್ಣಾಗುತ್ತದೆ.

ಮೂತ್ರ ತಿಳಿಯಾಗಿರಬೇಕು, ಕಡು ಹಳದಿಯಾಗಿದ್ದರೆ ಅದು ನಿರ್ಜಲೀಕರಣದ, ಎಂದರೆ ದೇಹದಲ್ಲಿ ನೀರಿನಂಶ ಕುಗ್ಗಿರುವುದರ ಸೂಚನೆ. ಮಲ ಸಾಸಿವೆಯಂಥ ಹಳದಿಯಾಗಿ, ಆಕಾರ ಹಿಡಿಯುವಷ್ಟು ಮೆತ್ತಗಿರಬೇಕು. ನೀರಾದ, ಹಸಿರು ಅಥವಾ ಬಿಳಿ ಬಣ್ಣದ, ರಕ್ತ ಬೆರೆತ ಮಲ ಕಂಡರೆ, ಇಲ್ಲವೇ ಎರಡು ದಿನ ಮಲವೇ ಆಗದಿದ್ದರೆ ವೈದ್ಯರನ್ನು ಕೇಳಿ. ಒಟ್ಟಿಗಿರುವ ಅನಾಥ ಮರಿಗಳು ಒಂದರ ಹಿಂಭಾಗವನ್ನು ಇನ್ನೊಂದು ಚೀಪಿ ಗಾಯ ಮಾಡುವುದುಂಟು. ಅಂಥ ಕೆಂಪು ಊತ ಕಂಡರೆ ಕೆಲವು ದಿನ ಅವನ್ನು ಬೇರೆ ಬೇರೆ ಇಡಬೇಕು.

8. ದಿನವೂ ತೂಕ ನೋಡಿ

ಪ್ರತಿದಿನ ಒಂದೇ ಹೊತ್ತಿಗೆ, ಕುಡಿಸುವ ಮುನ್ನ ತೂಗಿ ಬರೆದಿಡಿ. ಆರೋಗ್ಯವಂತ ಮರಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಹೆಚ್ಚುತ್ತದೆ. ಮರಿಯ ಅಳು, ಚಟುವಟಿಕೆ, ಹೊಟ್ಟೆಯ ಗಾತ್ರ ಎಲ್ಲವೂ ನಮ್ಮನ್ನು ತಪ್ಪು ದಾರಿಗೆ ಎಳೆಯಬಹುದು, ಆದರೆ 24 ಗಂಟೆ ಕಳೆದರೂ ತೂಕ ಏರದಿದ್ದರೆ, ಅದರಲ್ಲೂ ಇಳಿದಿದ್ದರೆ, ಬೇರೆ ಯಾವ ಲಕ್ಷಣ ಕಾಣಿಸುವ ಮೊದಲೇ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ಹೀಗೆ ಸಿಗುವ ಅರ್ಧ ದಿನದ ಮುನ್ಸೂಚನೆ ಎಷ್ಟೋ ಮರಿಗಳನ್ನು ಉಳಿಸುತ್ತದೆ. ತೂಕದ ಜೊತೆಗೆ ಕುಡಿದ ಹಾಲಿನ ಪ್ರಮಾಣ, ಹೊತ್ತು, ಮಲಮೂತ್ರದ ವಿವರವನ್ನೂ ಬರೆಯಿರಿ.

9. ಶುಚಿತ್ವ, ಚಿಗಟ, ಮನೆಯ ಇತರ ಪ್ರಾಣಿಗಳು

ಹುಟ್ಟಿದ ಮೊದಲ ದಿನದೊಳಗೆ ತಾಯಿಯ ಗಿಣ್ಣುಹಾಲು ಕುಡಿದ ಮರಿಗೆ ಅದರಿಂದ ರೋಗನಿರೋಧಕ ಅಂಶಗಳು ದೊರೆಯುತ್ತವೆ. ನಿಮ್ಮ ಕೈಯಲ್ಲಿರುವ ಮರಿ ಅದನ್ನು ಕುಡಿದಿದೆಯೋ ಇಲ್ಲವೋ ತಿಳಿಯದ ಕಾರಣ, ಮುಟ್ಟುವ ಮೊದಲೂ ಆಮೇಲೂ ಸೋಪು ಹಚ್ಚಿ ಕೈ ತೊಳೆಯಿರಿ. ಬಾಟಲಿ, ನಿಪ್ಪಲ್‌ಗಳನ್ನು ಪ್ರತಿ ಸಲ ತೊಳೆದು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಕನಿಷ್ಠ ಎರಡು ವಾರ ಮರಿಯನ್ನು ಪ್ರತ್ಯೇಕ ಕೋಣೆಯಲ್ಲಿಡಿ. ಪ್ಯಾನ್‌ಲ್ಯೂಕೋಪೀನಿಯಾ ಎಂಬ, ಬಿಳಿ ರಕ್ತಕಣಗಳನ್ನು ನಾಶಮಾಡುವ ವೈರಸ್ ರೋಗ ಬಟ್ಟೆ, ಕೈಗಳ ಮೂಲಕವೂ ಹರಡುತ್ತದೆ.

ಮರಿಯ ಮೈಮೇಲಿನ ಚಿಗಟಗಳನ್ನು ಕ್ಷುಲ್ಲಕವೆಂದು ಬಿಡಬೇಡಿ. ಅವು ರಕ್ತ ಹೀರಿ ಇಷ್ಟು ಚಿಕ್ಕ ಜೀವಕ್ಕೆ ಮಾರಕ ರಕ್ತಹೀನತೆ ತರಬಲ್ಲವು. ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿದ್ದರೆ ಅದೇ ಲಕ್ಷಣ. ಹಲ್ಲು ಒತ್ತಾಗಿರುವ ಚಿಗಟದ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ. ನಾಯಿಗಳಿಗೆಂದು ಮಾರುವ ಚಿಗಟದ ಔಷಧಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆರೆತಿರುತ್ತದೆ, ಅದು ಬೆಕ್ಕುಗಳಿಗೆ ವಿಷ. ಮನುಷ್ಯರ ಪ್ಯಾರಾಸಿಟಮಾಲ್ ಕೂಡ ಹಾಗೆಯೇ, ಒಂದು ಚೂರೂ ಕೊಡುವಂತಿಲ್ಲ. ಜಂತುಹುಳುವಿನ ಔಷಧವನ್ನು ಎರಡು ವಾರದ ಮರಿಗೂ ಕೊಡಬಹುದು, ಆದರೆ ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಬೇಕು.

10. ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ಬಾಯಿ ತೆರೆದು ಉಸಿರಾಡುವುದು, ಬೆಚ್ಚಗಾಗಿಸಿದರೂ ಮೈ ಜೋತು ಬೀಳುವುದು, ಸತತ ಎರಡು ಸಲ ಹಾಲು ಬೇಡವೆನ್ನುವುದು, ನಿಲ್ಲದ ಅಳು, ಪದೇ ಪದೇ ವಾಂತಿ, ಭೇದಿ, ಬಿಳಿಚಿದ ಒಸಡು, ಮುಚ್ಚಿದ ರೆಪ್ಪೆಯ ಹಿಂದೆ ಊತ ಅಥವಾ ಕೀವು. ಇವುಗಳಲ್ಲಿ ಯಾವುದನ್ನೂ ಬೆಳಗಾಗಲಿ ಎಂದು ಕಾಯುತ್ತ ಕೂರಬೇಡಿ. ದಾರಿಯುದ್ದಕ್ಕೂ ಮರಿಯನ್ನು ಬೆಚ್ಚಗಿಡಿ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಕೆಲವೇ ಗಂಟೆಗಳಲ್ಲಿ ಕ್ಷೀಣಿಸಿ ಸಾಯುತ್ತವೆ. ಹುಟ್ಟಿನ ದೋಷ, ಸೋಂಕು, ನಿಮ್ಮ ಕೈ ಸೇರುವ ಮೊದಲೇ ತಿಂದ ಚಳಿ ಹೀಗೆ ಕಾರಣಗಳು ಹಲವು. ಆ ಸಾವಿನ ಹೊಣೆಯನ್ನು ನಿಮ್ಮ ಮೇಲೆ ಹೊತ್ತುಕೊಳ್ಳಬೇಡಿ.

11. ಬಾಟಲಿಯಿಂದ ತಟ್ಟೆಗೆ, ನಿಮ್ಮ ಮನೆಯಿಂದ ಇನ್ನೊಂದು ಮನೆಗೆ

ನಾಲ್ಕನೇ ವಾರದ ಸುಮಾರಿಗೆ, ಮರಿ ನಿಪ್ಪಲ್ ಅನ್ನು ಚೀಪುವ ಬದಲು ಕಚ್ಚತೊಡಗಿದಾಗ, ಮರಿಗಳ ಮೆತ್ತನೆಯ ಆಹಾರವನ್ನು ಅದೇ ಹಾಲಿನಲ್ಲಿ ಕಲಸಿ ಚಪ್ಪಟೆ ತಟ್ಟೆಯಲ್ಲಿಡಿ. ಮೊದಮೊದಲು ತುಳಿದು ಮೈಗೆಲ್ಲ ಬಳಿದುಕೊಳ್ಳುತ್ತದೆ, ನೆಕ್ಕುವುದು ಕಲಿಯಲು ಕೆಲವು ದಿನ ಬೇಕು. ಬಾಟಲಿಯನ್ನು ಒಮ್ಮೆಲೇ ನಿಲ್ಲಿಸದೆ, ತೂಕ ಇಳಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತ ಒಂದೊಂದೇ ಸಲ ಕಡಿಮೆ ಮಾಡಿ. ಜೊತೆಗೆ ತಗ್ಗಾದ ತಟ್ಟೆಯಲ್ಲಿ ಮಲವಿಸರ್ಜನೆಗೆ ಜಾಗ ಮಾಡಿಕೊಡಿ; ನೀರು ತಾಗಿದರೆ ಉಂಡೆಗಟ್ಟುವ ಬಗೆಯ ಲಿಟರ್, ಅಂದರೆ ಮಲಮೂತ್ರ ಹೀರಲು ತಟ್ಟೆಗೆ ಹಾಕುವ ಹರಳು, ಬೇಡ, ಏಕೆಂದರೆ ಮರಿಗಳು ಅದನ್ನು ತಿಂದು ನೋಡುತ್ತವೆ.

ಎರಡರಿಂದ ಏಳು ವಾರದವರೆಗಿನ ಅವಧಿಯಲ್ಲಿ ಮರಿ ಮನುಷ್ಯರನ್ನೂ ಇತರ ಬೆಕ್ಕುಗಳನ್ನೂ ನಂಬಲು ಕಲಿಯುತ್ತದೆ. ಒಂಟಿಯಾಗಿ ಬೆಳೆದ ಮರಿಗೆ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಹೇಳಿಕೊಡುವ ಒಡಹುಟ್ಟಿದವರಿಲ್ಲ. ಹಾಗಾಗಿ ಕೈಬೆರಳುಗಳನ್ನು ಆಟಿಕೆಯಾಗಿಸಬೇಡಿ, ಮತ್ತು ಸಾಧ್ಯವಾದರೆ ವೈದ್ಯರ ಒಪ್ಪಿಗೆ ಪಡೆದು ಸಮವಯಸ್ಸಿನ ಆರೋಗ್ಯವಂತ ಮರಿಯೊಡನೆ ಸೇರಿಸಿ. ಲಸಿಕೆಗಳು ಆರರಿಂದ ಎಂಟು ವಾರದ ನಡುವೆ ಆರಂಭವಾಗುತ್ತವೆ.

ಎಂಟು ವಾರ ತುಂಬುವ ಮೊದಲು ಹೊಸ ಮನೆಗೆ ಕಳುಹಿಸಬೇಡಿ. ಹೊಸ ಮನೆಯನ್ನು ಹುಡುಕುವ ಕೆಲಸವನ್ನು ಮಾತ್ರ ಐದಾರನೇ ವಾರದಲ್ಲಿಯೇ ಆರಂಭಿಸಿ. ಕೊನೆಯ ಗಳಿಗೆಯ ಅವಸರದಲ್ಲಿ ತಕ್ಕ ಮನೆ ಸಿಗುವುದು ಕಷ್ಟ. ಮರಿಯನ್ನು ಒಪ್ಪಿಸುವಾಗ ನೀವು ಬರೆದಿಟ್ಟ ತೂಕದ ಪುಸ್ತಕ, ಕೊಟ್ಟ ಔಷಧ ಮತ್ತು ಲಸಿಕೆಗಳ ದಿನಾಂಕ, ಮುಂದಿನ ಲಸಿಕೆಯ ದಿನಾಂಕ, ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ವೈದ್ಯರು ಹೇಳಿದ್ದಾರೆ ಎಂಬ ಟಿಪ್ಪಣಿ, ಈಗ ತಿನ್ನುತ್ತಿರುವ ಆಹಾರದಲ್ಲಿ ಕೆಲವು ದಿನಗಳಿಗೆ ಸಾಲುವಷ್ಟು, ಮತ್ತು ಮರಿ ಮಲಗುತ್ತಿದ್ದ ಬಟ್ಟೆ ಇವಿಷ್ಟನ್ನೂ ಜೊತೆಗೆ ಕೊಡಿ. ಬಟ್ಟೆಯನ್ನು ಒಗೆಯದೆ ಕೊಡಿ; ಹೊಸ ಜಾಗದಲ್ಲಿ ಮರಿಗೆ ಪರಿಚಿತವಾಗಿರುವುದು ಆ ವಾಸನೆಯೊಂದೇ.